ಹುಡುಗನ ಆಯ್ಕೆ, ತಂಡದ ಕಟ್ಟಡ

ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಊರುಗಳಲ್ಲಿ ದಸರಾ ಕ್ರೀಡಾಕೂಟಕ್ಕೋ ಶಾಲಾ ಕ್ರೀಡಾಕೂಟಕ್ಕೋ ಕಬಡ್ಡಿ ತಂಡ ಕಟ್ಟುವ ಕಾಲ ಬಂತೆಂದರೆ ಮೊದಲು ಏಳುವ ಮಾತು, ಈ ಸಲ ರೈಡಿಗೆ ಯಾರಿದ್ದಾರೆ ಎಂಬುದು. ಹಿಂದಿನ ವರ್ಷ ಸೋತು ಬಂದ ತಂಡವಾದರಂತೂ ಒಬ್ಬ ಚುರುಕು ಹುಡುಗ ಕಣ್ಣಿಗೆ ಬಿದ್ದರೆ ಸಾಕು, ಎಲ್ಲರ ಆಸೆಯೂ ಅವನ ಹೆಗಲೇರುತ್ತದೆ. ಸೋಲುತ್ತಿರುವ ತಂಡ ಎಳೆಯ ಪ್ರತಿಭೆಯೊಂದನ್ನು ನಂಬಿ ಹೊಸದಾಗಿ ಶುರು ಮಾಡುವುದು ತಪ್ಪಲ್ಲ. ಹೆಚ್ಚಿನ ತಂಡಗಳಿಗೆ ಇರುವ ಸರಿಯಾದ ದಾರಿಯೇ ಅದು. ಆದರೆ ಹುಡುಗನನ್ನು ಆರಿಸಿದ ಮಾತ್ರಕ್ಕೆ ತಂಡ ಕಟ್ಟಿದಂತಾಗುವುದಿಲ್ಲ. ಅವನ ಅಕ್ಕಪಕ್ಕ, ಬೆನ್ನ ಹಿಂದೆ ಯಾರನ್ನು ನಿಲ್ಲಿಸುತ್ತೇವೆ, ಅವರನ್ನು ಎಷ್ಟು ವರ್ಷ ಉಳಿಸಿಕೊಳ್ಳುತ್ತೇವೆ ಎಂಬುದೇ ಫಲವನ್ನು ನಿರ್ಧರಿಸುತ್ತದೆ ಎಂಬುದು ಇಂದಿನ ನನ್ನ ವಾದ. ಇದಕ್ಕೆ ಸಾಕ್ಷಿಯಾಗಿ ನೀವೆಲ್ಲ ಬಲ್ಲ ಬೆಂಗಳೂರಿನ ಎರಡು ತಂಡಗಳಿವೆ. ದೂರದ ಅಮೆರಿಕದ್ದೂ ಒಂದೆರಡು ಉದಾಹರಣೆಗಳಿವೆ.

ಮೊದಲು ಕ್ರಿಕೆಟ್. 2008ರಲ್ಲಿ ಐಪಿಎಲ್ ಶುರುವಾದಾಗ ಬೆಂಗಳೂರಿನ ರಾಯಲ್ ಚಾಲೆಂಜರ್ಸ್, ಅಂದರೆ ಆರ್‌ಸಿಬಿ ತಂಡದಲ್ಲಿ ಹೆಸರುಗಳಿಗೇನೂ ಬರವಿರಲಿಲ್ಲ. ರಾಹುಲ್ ದ್ರಾವಿಡ್ ನಾಯಕ, ಜೊತೆಗೆ ಅನಿಲ್ ಕುಂಬ್ಳೆ, ಜಾಕ್ ಕಾಲಿಸ್, ಮಾರ್ಕ್ ಬೌಚರ್, ಜಹೀರ್ ಖಾನ್. ಮೊದಲ ಪಂದ್ಯದಲ್ಲೇ ಬ್ರೆಂಡನ್ ಮೆಕಲಮ್ ಒಬ್ಬನೇ 158 ರನ್ ಹೊಡೆದರೆ, ಇಡೀ ಬೆಂಗಳೂರು ತಂಡ 82ಕ್ಕೆ ಮುಗಿದುಹೋಯಿತು. ಆಡಿದ 14 ಪಂದ್ಯಗಳಲ್ಲಿ ಗೆದ್ದದ್ದು 4, ಎಂಟು ತಂಡಗಳಲ್ಲಿ ಏಳನೆಯ ಸ್ಥಾನ. ಅನುಭವಿಗಳನ್ನೇ ಒಟ್ಟುಗೂಡಿಸಿದರೆ ಸಾಲದೇ ಎಂದು ಕೇಳುವವರಿಗೆ ಆ ವರ್ಷದ ಪಟ್ಟಿಯೇ ಉತ್ತರ. ಅದೇ ತಂಡದ ಮೂಲೆಯಲ್ಲಿ 19 ವರ್ಷದ ವಿರಾಟ್ ಕೊಹ್ಲಿ ಇದ್ದರು. ಆ ಮಾರ್ಚ್‌ನಲ್ಲಷ್ಟೇ ಕ್ವಾಲಾಲಂಪುರದಲ್ಲಿ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದ ತಂಡದ ನಾಯಕ ಅವರು. ಆ ಹುಡುಗರನ್ನು ದೊಡ್ಡವರ ಹಾಗೆ ಹರಾಜಿಗಿಡದೆ, ತಂಡಗಳು ಒಂದೊಂದಾಗಿ ಆರಿಸಿಕೊಳ್ಳುವ ಡ್ರಾಫ್ಟ್ ಕ್ರಮದಲ್ಲಿ ಹಂಚಿದರು. ಕೊಹ್ಲಿಯ ತವರಾದ ದೆಹಲಿಯ ತಂಡ ಅವರನ್ನು ಬಿಟ್ಟು ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್ ಅವರನ್ನು ತೆಗೆದುಕೊಂಡಿತು. ಬೆಂಗಳೂರಿಗೆ ಕೊಹ್ಲಿ ಸಿಕ್ಕಿದರು.

ಸಿಕ್ಕಿದ್ದು ಅದೃಷ್ಟ ಎನ್ನೋಣ, ಉಳಿಸಿಕೊಂಡದ್ದು ಮಾತ್ರ ಅದೃಷ್ಟವಲ್ಲ. ಮೊದಲ ವರ್ಷ ಕೊಹ್ಲಿ ಗಳಿಸಿದ್ದು ಒಟ್ಟು 165 ರನ್. ಅದೇ ವರ್ಷ ಆರ್‌ಸಿಬಿಯಲ್ಲೇ ಆಡಿದ, ಅದೇ ವಿಶ್ವಕಪ್ ತಂಡದ ಶ್ರೀವತ್ಸ್ ಗೋಸ್ವಾಮಿ ಟೂರ್ನಿಯ ಅತ್ಯುತ್ತಮ ಕಿರಿಯ ಆಟಗಾರ ಎಂಬ ಪ್ರಶಸ್ತಿ ಪಡೆದರು. ಅಂದಿನ ಅಂಕಿಗಳನ್ನಷ್ಟೇ ನೋಡಿ ತೀರ್ಮಾನ ಮಾಡಿದ್ದರೆ ಮುಂದಿನ ಕಥೆಯೇ ಬೇರೆಯಾಗುತ್ತಿತ್ತು. ಕೊಹ್ಲಿ ಎರಡನೆಯ ವರ್ಷ 246, ಮೂರನೆಯ ವರ್ಷ 307 ರನ್ ಗಳಿಸಿದರು. 2011ರ ದೊಡ್ಡ ಹರಾಜಿಗೆ ಮುನ್ನ ಹಳೆಯ ತಂಡವನ್ನೆಲ್ಲ ಬಿಟ್ಟುಕೊಟ್ಟ ಆರ್‌ಸಿಬಿ ಉಳಿಸಿಕೊಂಡದ್ದು 22 ವರ್ಷದ ಕೊಹ್ಲಿ ಒಬ್ಬರನ್ನೇ. ತಂಡ ನಿಜವಾಗಿ ಹೊಸದಾಗಿ ಶುರುವಾದದ್ದು ಅಂದು ಎಂದೇ ನಾನು ತಿಳಿಯುತ್ತೇನೆ. ಆ ವರ್ಷ ಅವರು 557 ರನ್ ಗಳಿಸಿದರು, ತಂಡ ಫೈನಲ್‌ವರೆಗೆ ಹೋಯಿತು. ಎಳೆಯನಿಗೆ ಕೊಡಬೇಕಾದ ಮೂರು ವರ್ಷದ ಕಾಲಾವಕಾಶವನ್ನು ಬೆಂಗಳೂರು ಕೊಟ್ಟಿತ್ತು. ಇಷ್ಟರ ಮಟ್ಟಿಗೆ ಆ ಆಡಳಿತವನ್ನು ಮೆಚ್ಚಲೇಬೇಕು.

ಹಾಗಾದರೆ ಕಪ್ ಬರಲು 2025ರವರೆಗೆ ಏಕೆ ಕಾಯಬೇಕಾಯಿತು? ಇಲ್ಲಿಯೇ ನನ್ನ ವಾದದ ತಿರುಳಿದೆ. 2016ರಲ್ಲಿ ಕೊಹ್ಲಿ ನಾಲ್ಕು ಶತಕಗಳೊಂದಿಗೆ 973 ರನ್ ಗಳಿಸಿದರು. ಒಬ್ಬ ಬ್ಯಾಟರ್‌ನಿಂದ ಇದಕ್ಕಿಂತ ಹೆಚ್ಚು ಕೇಳುವುದು ಸಾಧ್ಯವಿಲ್ಲ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ ನಡೆದ ಫೈನಲ್‌ನಲ್ಲಿ ಹೈದರಾಬಾದ್ 208 ರನ್ ಹೊಡೆಯಿತು. ಬೆಂಗಳೂರಿನ ಕ್ರಿಸ್ ಗೇಲ್ 76, ಕೊಹ್ಲಿ 54 ಹೊಡೆದು, ಮೊದಲ ವಿಕೆಟ್ 114ಕ್ಕೆ ಬಿದ್ದರೂ ತಂಡ 200ಕ್ಕೆ ನಿಂತು 8 ರನ್‌ಗಳಿಂದ ಸೋತಿತು. 208 ಬಿಟ್ಟುಕೊಟ್ಟದ್ದು ಯಾರು ಎಂದು ಕೇಳಿದರೆ ಉತ್ತರ ಬೌಲಿಂಗ್ ಕಡೆಗೆ ಹೋಗುತ್ತದೆ. ಇದು ಒಂದು ರಾತ್ರಿಯ ಎಡವಟ್ಟಲ್ಲ. ಗೇಲ್, ಡಿವಿಲಿಯರ್ಸ್, ಕೊಹ್ಲಿ ಎಂದು ಬ್ಯಾಟಿಂಗ್ ತುದಿಯಲ್ಲಿ ಹಣವೂ ಗಮನವೂ ಸೇರುತ್ತಿದ್ದಷ್ಟು ಕಾಲ ಇನ್ನೊಂದು ತುದಿ ಬರಿದಾಗಿತ್ತು. ನಮ್ಮ ಪಕ್ಕದ ದಾವಣಗೆರೆಯ ಆರ್. ವಿನಯ್ ಕುಮಾರ್ 2013ರಲ್ಲಿ ಈ ತಂಡಕ್ಕೆ 23 ವಿಕೆಟ್ ತೆಗೆದುಕೊಟ್ಟರು. ಕೊಹ್ಲಿ ಪೂರ್ಣ ನಾಯಕರಾದ ಮೊದಲ ವರ್ಷ ಅದು. ಮರುವರ್ಷ ವಿನಯ್ ಕೋಲ್ಕತ್ತ ತಂಡದಲ್ಲಿದ್ದರು. ವರ್ಷಾನುಗಟ್ಟಲೆ ವಿಕೆಟ್ ಕಿತ್ತುಕೊಟ್ಟ ಯಜುವೇಂದ್ರ ಚಾಹಲ್ ಅವರನ್ನೂ 2022ರ ಹರಾಜಿಗೆ ಮುನ್ನ ಉಳಿಸಿಕೊಳ್ಳಲಿಲ್ಲ. ತಂಡ 2017ರಲ್ಲಿ ಕೊನೆಯ ಸ್ಥಾನ, 2019ರಲ್ಲಿ ಮತ್ತೆ ಕೊನೆಯ ಸ್ಥಾನ ಕಂಡಿತು. ಅಷ್ಟೂ ವರ್ಷ ಕೊಹ್ಲಿ ಅಲ್ಲೇ ಇದ್ದರು ಎಂಬುದನ್ನು ಮರೆಯಬಾರದು.

ಇನ್ನು 2025ಕ್ಕೆ ಬನ್ನಿ. ಹರಾಜಿನಲ್ಲಿ ತಂಡ ಜೋಶ್ ಹ್ಯಾಜಲ್‌ವುಡ್ ಅವರಿಗೆ 12.50 ಕೋಟಿ, ಭುವನೇಶ್ವರ್ ಕುಮಾರ್ ಅವರಿಗೆ 10.75 ಕೋಟಿ ರೂಪಾಯಿ ಕೊಟ್ಟಿತು, ಕೃಣಾಲ್ ಪಾಂಡ್ಯ ಅವರನ್ನೂ ತಂದಿತು. ನಾಯಕತ್ವ ರಜತ್ ಪಾಟೀದಾರ್ ಅವರಿಗೆ ಹೋಯಿತು. ಹ್ಯಾಜಲ್‌ವುಡ್ 22 ವಿಕೆಟ್ ತೆಗೆದರು. ಜೂನ್ 3ರಂದು ಅಹಮದಾಬಾದ್‌ನ ಫೈನಲ್‌ನಲ್ಲಿ ಬೆಂಗಳೂರು ಗಳಿಸಿದ್ದು 190, ಕೊಹ್ಲಿಯದು ಅದರಲ್ಲಿ 43. ಒಂಬತ್ತು ವರ್ಷದ ಹಿಂದೆ ಸೋತ ಮೊತ್ತಕ್ಕಿಂತ ಇದು ಹತ್ತು ರನ್ ಕಡಿಮೆ, ಆದರೂ ತಂಡ 6 ರನ್‌ಗಳಿಂದ ಗೆದ್ದಿತು. ಪಂದ್ಯಶ್ರೇಷ್ಠರಾದ ಕೃಣಾಲ್ ನಾಲ್ಕು ಓವರ್‌ಗಳಲ್ಲಿ ಕೊಟ್ಟದ್ದು ಬರೀ 17 ರನ್. 2016ರ ಫೈನಲ್‌ನಲ್ಲಿ ಹೈದರಾಬಾದ್ ಪರ ನಾಲ್ಕು ಓವರ್‌ಗಳಲ್ಲಿ 25 ರನ್ ಮಾತ್ರ ಕೊಟ್ಟು ಬೆಂಗಳೂರನ್ನು ಕಟ್ಟಿಹಾಕಿದ್ದ ಅದೇ ಭುವನೇಶ್ವರ್ ಈಗ ನಮ್ಮ ಕಡೆ ಇದ್ದರು. ನನ್ನ ವಾದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕೆನಿಸುವುದಿಲ್ಲ. ಮರುದಿನ ಬೆಂಗಳೂರಿನ ವಿಜಯೋತ್ಸವದ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಅವರನ್ನು ನೆನೆಯದೆ ಈ ಗೆಲುವಿನ ಮಾತು ಮುಗಿಸುವುದು ಸರಿಯಲ್ಲ.

ಕ್ರಿಕೆಟ್‌ನಲ್ಲಿ ಬ್ಯಾಟಿಂಗೂ ಬೌಲಿಂಗೂ ಬೇರೆ ಬೇರೆ ಕೆಲಸ, ಹಾಗಾಗಿ ಅಲ್ಲಿ ಈ ಮಾತು ಸಹಜ, ಎಲ್ಲ ಆಟಕ್ಕೂ ಇದು ಒಪ್ಪುವುದಿಲ್ಲ ಎಂದು ಯಾರಾದರೂ ಹೇಳಬಹುದು. ಅಮೆರಿಕದ ಫುಟ್‌ಬಾಲ್ ಇದಕ್ಕೆ ಉತ್ತರ ಕೊಡುತ್ತದೆ. ಅದು ನಾವು ಕಾಲಲ್ಲಿ ಒದೆಯುವ ಚೆಂಡಾಟವಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ, ಎಸೆಯುವ ಆಟ. ಅದರಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬುವನು ಸಾಲಿನ ಹಿಂದೆ ನಿಂತು ಚೆಂಡು ಪಡೆದು, ಯಾರಿಗೆ ಎಸೆಯಬೇಕೆಂದು ಒಂದೆರಡು ಕ್ಷಣದಲ್ಲಿ ನಿರ್ಧರಿಸುತ್ತಾನೆ. ಅವನ ಮುಂದೆ ಐದು ಮಂದಿ ದೊಡ್ಡಾಳುಗಳು ಗೋಡೆಯಾಗಿ ನಿಂತು, ಎದುರಾಳಿ ಅವನನ್ನು ಕೆಡವದಂತೆ ತಡೆಯುತ್ತಾರೆ. ಅಲ್ಲಿನ ವೃತ್ತಿಪರ ಲೀಗ್‌ನಲ್ಲಿ ಸಾಮಾನ್ಯವಾಗಿ ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಸೋತ ತಂಡಕ್ಕೇ ಹೊಸ ಹುಡುಗರನ್ನು ಆರಿಸುವ ಮೊದಲ ಸರದಿ ಸಿಗುತ್ತದೆ, ಅದು ಹೆಚ್ಚಾಗಿ ಕ್ವಾರ್ಟರ್‌ಬ್ಯಾಕ್‌ನನ್ನೇ ಆರಿಸುತ್ತದೆ. 1998ರಲ್ಲಿ ಇಂಡಿಯಾನಾಪೊಲಿಸ್ ಹೀಗೆ ಆರಿಸಿದ ಪೇಟನ್ ಮ್ಯಾನಿಂಗ್ ಮೊದಲ ವರ್ಷ 28 ಸಲ ಚೆಂಡನ್ನು ಎದುರಾಳಿಯ ಕೈಗೆ ಎಸೆದುಬಿಟ್ಟ. ತಂಡ 3 ಗೆದ್ದು 13 ಸೋತಿತು. ಆದರೆ ಆ ಇಡೀ ವರ್ಷದಲ್ಲಿ ಎದುರಾಳಿಗಳು ಅವನನ್ನು ಎಸೆತಕ್ಕೆ ಮುನ್ನ ನೆಲಕ್ಕೆ ಕೆಡವಿದ್ದು 22 ಸಲ ಮಾತ್ರ. ಗೋಡೆ ಗಟ್ಟಿಯಿತ್ತು, ಚೆಂಡು ಹಿಡಿಯಲು ಮಾರ್ವಿನ್ ಹ್ಯಾರಿಸನ್‌ನಂಥವನಿದ್ದ. ಹುಡುಗ ತಪ್ಪು ಮಾಡುತ್ತಲೇ ಕಲಿತ. ಮರುವರ್ಷ ತಂಡ 13 ಗೆದ್ದು 3 ಸೋತಿತು, 2007ರ ಫೆಬ್ರುವರಿಯಲ್ಲಿ ಚಾಂಪಿಯನ್ ಆಯಿತು. ಇನ್ನೊಂದು ಕಡೆ, 2002ರಲ್ಲಿ ಹ್ಯೂಸ್ಟನ್ ತಂಡ ಮೊದಲ ಸರದಿಯಲ್ಲೇ ಆರಿಸಿದ ಡೇವಿಡ್ ಕಾರ್‌ನನ್ನು ಮೊದಲ ವರ್ಷವೇ 76 ಸಲ ಕೆಡವಿದರು. ಆ ಲೀಗ್‌ನ ದಾಖಲೆ ಅದು. ಅವನಿದ್ದ ಐದು ವರ್ಷಗಳಲ್ಲಿ ಒಂದರಲ್ಲೂ ಆ ತಂಡದ ಗೆಲುವು ಸೋಲನ್ನು ಮೀರಲಿಲ್ಲ. ಇಬ್ಬರ ಪ್ರತಿಭೆ ಒಂದೇ ತೂಕದ್ದೆಂದು ನಾನು ಹೇಳುತ್ತಿಲ್ಲ. ವಾರವಾರವೂ ನೆಲಕ್ಕೆ ಬೀಳುವವನಿಗೆ ಕಲಿಯಲು ಬಿಡುವೇ ಸಿಗುವುದಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ನಮಗೆ ಇನ್ನೂ ಹತ್ತಿರದ್ದು ಕಬಡ್ಡಿ. ಈ ಆಟದ ನಿಯಮವೇ ನನ್ನ ವಾದವನ್ನು ಹೇಳುತ್ತದೆ. ರೈಡರ್ ಔಟಾದರೆ ಹೊರಗೆ ಕೂರಬೇಕು. ಅವನು ಮರಳಿ ಬರಬೇಕಾದರೆ ಒಳಗಿರುವವರು ಎದುರಾಳಿಯೊಬ್ಬನನ್ನು ಔಟ್ ಮಾಡಬೇಕು. ಬೋನಸ್ ಅಂಕದಿಂದ ಯಾರೂ ಒಳಗೆ ಬರುವುದಿಲ್ಲ. ಎಂಥ ಹುಲಿಯಾದರೂ ಹೊರಗೆ ಕೂತಷ್ಟು ಹೊತ್ತು ತಂಡಕ್ಕೆ ಇಲ್ಲದವನೇ. ರೈಡರ್ ಪವನ್ ಸೆಹ್ರಾವತ್ ವೃತ್ತಿಪರ ಕಬಡ್ಡಿ ಲೀಗ್‌ನ ಬೆಂಗಳೂರು ಬುಲ್ಸ್‌ನಿಂದ 2017ರಲ್ಲಿ ಗುಜರಾತ್ ತಂಡಕ್ಕೆ ಹೋದಾಗ ಹೆಚ್ಚು ಆಡಲು ಅವಕಾಶವೇ ಸಿಗಲಿಲ್ಲ. ಮರುವರ್ಷ ಬೆಂಗಳೂರಿಗೆ ಮರಳಿದ ಅದೇ ಹುಡುಗ 271 ರೈಡ್ ಅಂಕ ಗಳಿಸಿದ. 2019ರ ಜನವರಿ 5ರ ಫೈನಲ್‌ನಲ್ಲಿ ಅದೇ ಗುಜರಾತ್ ಎದುರು ಅರ್ಧ ಪಂದ್ಯಕ್ಕೆ 9–16ರಿಂದ ಹಿಂದಿದ್ದ ಬುಲ್ಸ್ 38–33ರಿಂದ ಗೆದ್ದಿತು, ಪವನ್ ಒಬ್ಬನದೇ 22 ಅಂಕ. ಇದು ಒಬ್ಬನ ಗೆಲುವೇ ಅಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು. ಆದರೆ ಗೆಲುವಿನ ಅಂತರ 5, ಪವನ್‌ನ ಲೆಕ್ಕಕ್ಕೆ ಸೇರದ ಅಂಕ 16. ಹಿಂದಿನ ವರ್ಷದ ಮುಖ್ಯ ರೈಡರ್ ಆಗಿದ್ದ ನಾಯಕ ರೋಹಿತ್ ಕುಮಾರ್ ಮುಂದಿನ ಜಾಗವನ್ನು ಕಿರಿಯನಿಗೆ ಬಿಟ್ಟುಕೊಟ್ಟರು. ಮಹೇಂದರ್ ಸಿಂಗ್‌ರಂಥ ಹಿಡಿತಗಾರರು ಹಿಂದೆ ನಿಂತರು. ಇದೇ ಬುಲ್ಸ್ 2024ರಲ್ಲಿ ಲೀಗ್‌ನ ಇತಿಹಾಸದಲ್ಲೇ ಅತಿ ಹೆಚ್ಚು ರೈಡ್ ಅಂಕ ಗಳಿಸಿದ ಪರ್ದೀಪ್ ನರ್ವಾಲ್ ಅವರನ್ನು ತಂದುಕೊಂಡು ಆಡಿದ 22ರಲ್ಲಿ ಗೆದ್ದದ್ದು 2, ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯ ಸ್ಥಾನ. ತಂಡದ ಮಾತೂ ಸೀರೆಯಂತೆಯೇ: ಮೊಳಕಾಲ್ಮೂರು ಸೀರೆ ಕೊಳ್ಳುವವರ ಕಣ್ಣು ಮೊದಲು ಸೆರಗಿಗೆ ಹೋಗುತ್ತದೆ, ಸೀರೆ ಬಾಳಿಕೆ ಬರುವುದು ಮಾತ್ರ ಹಾಸು ಹೊಕ್ಕಿನ ಎಳೆಗಳಿಂದ.

ಇದೆಲ್ಲ ಕೋಟಿಗಟ್ಟಲೆ ಹಣವಿರುವವರ ಮಾತು, ನಮ್ಮೂರಿನ ತಂಡಕ್ಕೆ ಹರಾಜೂ ಇಲ್ಲ, ಹ್ಯಾಜಲ್‌ವುಡ್‌ನೂ ಬರುವುದಿಲ್ಲ ಎಂಬ ಮಾತು ಬರುತ್ತದೆ. ನನಗೆ ಅದು ವಾದವನ್ನು ಬಲಪಡಿಸುವಂತೆಯೇ ಕಾಣುತ್ತದೆ. ಕೊಳ್ಳಲಾಗದ್ದನ್ನು ಅಭ್ಯಾಸದಿಂದಲೇ ಕಟ್ಟಬೇಕು. ಮೇಲಾಗಿ ನಮ್ಮದು ಮಳೆ ಕೈಕೊಡುವ ಸೀಮೆ. ಒಳ್ಳೆಯ ಹುಡುಗ ಕ್ರೀಡಾ ವಸತಿ ನಿಲಯಕ್ಕೋ, ಕಾಲೇಜಿಗೋ, ದುಡಿಮೆಗೆಂದು ಬೆಂಗಳೂರಿಗೋ ಹೊರಟುಬಿಡುತ್ತಾನೆ, ಹೊರಡಲೂ ಬೇಕು. ಅವನನ್ನೇ ನೆಚ್ಚಿದ ತಂಡ ಅವನು ಬಸ್ಸು ಹತ್ತಿದ ದಿನವೇ ಚದುರುತ್ತದೆ. ಕಾರ್ನರ್‌ನಲ್ಲಿ ಕಾಲು ಹಿಡಿಯುವವನನ್ನು, ಕವರ್‌ನಿಂದ ನುಗ್ಗುವವನನ್ನು, ಎರಡನೆಯ ರೈಡರ್‌ನನ್ನು ಬೆಳೆಸಿಕೊಂಡ ತಂಡ ಮುಂದಿನ ಹುಡುಗ ಬರುವವರೆಗೆ ನಿಂತಿರುತ್ತದೆ. ಹೊಸ ಹುಡುಗನಿಗೂ ಮೊದಲ ವರ್ಷ ತಪ್ಪು ಮಾಡುವ ಅವಕಾಶ ಸಿಗುವುದು ಅಂಥ ತಂಡದಲ್ಲೇ. ಅಭ್ಯಾಸದಲ್ಲಿ ಅವನನ್ನು ಬೇಕೆಂದೇ ಹೊರಗೆ ಕೂರಿಸಿ, ಉಳಿದ ಆರು ಮಂದಿ ಅವನನ್ನು ಒಳಗೆ ಕರೆತರುವ ಆಟವನ್ನು ವಾರಕ್ಕೆರಡು ಸಂಜೆಯಾದರೂ ಆಡಿಸಿ ಎಂದು ದೈಹಿಕ ಶಿಕ್ಷಕರನ್ನೂ ಯುವಕ ಸಂಘದವರನ್ನೂ ಕೇಳಿಕೊಳ್ಳುತ್ತೇನೆ. ಪಂದ್ಯ ಶುರುವಾದ ಐದೇ ನಿಮಿಷದಲ್ಲಿ ಅವನನ್ನು ಹೊರಗೆ ಕೂರಿಸಬೇಕೆಂದೇ ಎದುರಾಳಿ ತಂಡ ಲೆಕ್ಕ ಹಾಕಿಕೊಂಡು ಬರುತ್ತದೆ.