ಟೆನಿಸ್ ಕಲಿಯುವ ಮಕ್ಕಳ ಪೋಷಕರೊಂದಿಗೆ ಕೆಲವು ಮಾತು

(ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟಿನ ಕ್ರೀಡಾ ಉಪಸಮಿತಿಯ ಪರವಾಗಿ ಮಾಡಿದ ಭಾಷಣ)



ಬೆಳಿಗ್ಗೆಯಿಂದ ಪಿಯುಸಿ, ನರ್ಸಿಂಗ್, ಇಂಜಿನಿಯರಿಂಗ್ ವಿದ್ಯಾರ್ಥಿಗಳ ವಿಷಯ ಮಾತಾಡಿದ್ದಾಯಿತು. ಊಟದ ಹೊತ್ತಾಗುತ್ತಾ ಬಂದಿದೆ, ಬಿರಿಯಾನಿಯ ವಾಸನೆ ವೇದಿಕೆಯವರೆಗೂ ಬರುತ್ತಿದೆ. ಆದರೂ ಹದಿನೈದು ನಿಮಿಷ ಕೇಳಿ ಪಡೆದಿದ್ದೇವೆ. ಟೆನಿಸ್ ಆಡುವ ಮಕ್ಕಳ ಅರ್ಜಿಯಲ್ಲಿದ್ದ ಒಂದು ಷರತ್ತನ್ನು ಈ ವರ್ಷ ತೆಗೆದುಹಾಕಿದ್ದೇವೆ. ಅದನ್ನು ವರದಿಯಲ್ಲಿ ಒಂದು ಸಾಲು ಬರೆದು ಮುಗಿಸುವುದು ಸರಿಯಲ್ಲ ಎನಿಸಿತು. ಆ ಷರತ್ತು ಹಾಕಿದವರು ನಾವೇ, ಅದರಿಂದ ಮಕ್ಕಳಿಗೆ ಆದ ತೊಂದರೆಯನ್ನು ಕಂಡವರೂ ನಾವೇ.

ಮೊದಲು ದಾನಿಗಳು ಪ್ರತಿ ವರ್ಷ ಕೇಳುವ ಪ್ರಶ್ನೆ. ಫೀಸು ಕಟ್ಟಲಾಗದ ಮಕ್ಕಳು ಇಷ್ಟು ಜನ ಇರುವಾಗ ಶ್ರೀಮಂತರ ಆಟಕ್ಕೆ ಹಣ ಯಾಕೆ? ಝಕಾತ್ ನಿಧಿಯ ಒಂದು ರೂಪಾಯಿಯೂ ಇದಕ್ಕೆ ಹೋಗುವುದಿಲ್ಲ. ಕ್ರೀಡೆಗೆಂದೇ ಬಂದ ದೇಣಿಗೆಯಿಂದ ಮಾತ್ರ ಕೊಡುತ್ತೇವೆ. ಶ್ರೀಮಂತರ ಆಟ ಎಂಬುದು ನಿಜ. ಚೆಂಡು ಕೆಲವೇ ದಿನಗಳಲ್ಲಿ ಪುಟಿಯುವುದನ್ನು ಬಿಡುತ್ತದೆ, ರಾಕೆಟ್ಟಿನ ತಂತಿ ಹರಿಯುತ್ತದೆ, ಟೂರ್ನಿಗೆ ಹೋಗಲು ಇಬ್ಬರ ರೈಲು ಚಾರ್ಜು ಬೇಕು. ಅದಕ್ಕೇ ನಮ್ಮ ಮಕ್ಕಳು ಅಲ್ಲಿಗೆ ಹೋಗಬಾರದು ಎನ್ನುವ ಮಾತನ್ನು ನಾವು ಒಪ್ಪುವುದಿಲ್ಲ. ಇಷ್ಟು ಸಾಕು, ಮುಂದಿನ ವಿಷಯ ದೊಡ್ಡದಿದೆ.

ಈ ಯೋಜನೆ ಶುರು ಮಾಡಿದಾಗ ಕಾಲೇಜು ವಿದ್ಯಾರ್ಥಿಗಳಿಗೆ ಇಷ್ಟು ಅಂಕ ಬರಲೇಬೇಕು ಎಂದಿರುವ ಹಾಗೆ, ಟೆನಿಸ್ ಮಕ್ಕಳಿಗೂ ಒಂದು ಷರತ್ತು ಇರಲಿ ಎಂದುಕೊಂಡೆವು. ವರ್ಷದೊಳಗೆ ರ‍್ಯಾಂಕಿಂಗ್ ಮೇಲೇರಬೇಕು, ಇಲ್ಲವೇ ಎರಡು ಟೂರ್ನಿಗಳಲ್ಲಿ ಕ್ವಾರ್ಟರ್ ಫೈನಲ್ ತಲುಪಬೇಕು. ಆಗದಿದ್ದರೆ ನೆರವು ನಿಲ್ಲುತ್ತದೆ. ದಾನಿಗಳ ಹಣ ಅಮಾನತ್ತು, ಲೆಕ್ಕ ಕೊಡಬೇಕಲ್ಲ. ಕಾಗದದ ಮೇಲೆ ಅದು ಬಹಳ ಚೆನ್ನಾಗಿ ಕಾಣಿಸಿತು.

ನಮ್ಮ ಯೋಜನೆಯ ಹನ್ನೆರಡು ವರ್ಷದ ಹುಡುಗನೊಬ್ಬ ಬೆಂಗಳೂರಿನ ಒಂದು ಟೂರ್ನಿಯಲ್ಲಿ ಆಡುತ್ತಿದ್ದ. ತಂದೆ ಫರ್ನಿಚರ್ ಪಾಲಿಶ್ ಕೆಲಸ ಮಾಡುವವರು, ಎರಡು ದಿನದ ಕೂಲಿ ಬಿಟ್ಟು ಹುಬ್ಬಳ್ಳಿಯಿಂದ ಮಗನ ಜೊತೆ ಬಂದಿದ್ದರು. ನಮ್ಮ ಸಮಿತಿಯ ಇಬ್ಬರು ತರಬೇತುದಾರರೂ ಅಲ್ಲಿದ್ದೆವು.

ಮಕ್ಕಳ ಪಂದ್ಯಗಳಲ್ಲಿ ಸಾಮಾನ್ಯವಾಗಿ ಕುರ್ಚಿಯ ಮೇಲೆ ಅಂಪೈರ್ ಇರುವುದಿಲ್ಲ. ತನ್ನ ಕಡೆ ಬಿದ್ದ ಚೆಂಡು ಒಳಗೋ ಹೊರಗೋ ಎಂದು ಮಗುವೇ ಕೂಗಿ ಹೇಳಬೇಕು. ಅನುಮಾನವಿದ್ದರೆ ಚೆಂಡು ಒಳಗೆ ಬಿತ್ತೆಂದೇ ಲೆಕ್ಕ, ಅಂಕ ಎದುರಾಳಿಗೆ. ಟೆನಿಸಿನ ನಿಯಮಗಳಲ್ಲಿ ನಮಗೆ ಇಷ್ಟವಾದದ್ದು ಇದೇ. ಹತ್ತು ಹನ್ನೆರಡು ವರ್ಷದ ಮಗುವಿನ ಕೈಗೆ ಎದುರಾಳಿಯ ನ್ಯಾಯವನ್ನೂ ಒಪ್ಪಿಸುವ ಆಟ ಬೇರೆ ಎಷ್ಟಿವೆ?

ಮೊದಲ ಸುತ್ತಿನಲ್ಲಿ ಪಂದ್ಯ ಬಿಗಿಯಾಗಿತ್ತು. ಎದುರಾಳಿ ಹೊಡೆದ ಚೆಂಡು ಗೆರೆಯಿಂದ ಒಂದು ಗೇಣು ಒಳಗೆ ಬಿತ್ತು. ನಮ್ಮ ಹುಡುಗ ಬೆರಳೆತ್ತಿ 'ಔಟ್' ಎಂದ. ಆ ಹುಡುಗ ಗೆರೆಯನ್ನು ನೋಡಿದ, ಇವನನ್ನು ನೋಡಿದ. ಇವನು ತಲೆ ಎತ್ತಲಿಲ್ಲ. ಎರಡು ಆಟದ ಬಳಿಕ ಮತ್ತೆ ಹಾಗೇ ಆಯಿತು. ಹಾರ್ಡ್ ಕೋರ್ಟು, ಗುರುತು ಉಳಿಯುವುದಿಲ್ಲ. ಓಡಾಡುವ ಅಂಪೈರ್ ಬರುವಷ್ಟರಲ್ಲಿ ಅಂಕ ಮುಗಿದಿತ್ತು. ಹುಡುಗ ಗೆದ್ದ. ಬೇಲಿಯ ಆಚೆ ನಿಂತಿದ್ದ ತಂದೆ ಚಪ್ಪಾಳೆ ತಟ್ಟಿದರು. ಹೇಳಲು ನಾಚಿಕೆಯಾಗುತ್ತದೆ, ನಾವೂ ತಟ್ಟಿದೆವು.

ಮರುದಿನ ಅವನು ಸೋತ. ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ಎಲ್ಲರೂ ಮಲಗಿದ ಮೇಲೆ ಮೇಲಿನ ಬರ್ತಿನಿಂದ ತಲೆ ಇಳಿಸಿ ಕೇಳಿದ: "ಸರ್, ನಿನ್ನೇನ ಸೋತಿದ್ರ ರೊಕ್ಕ ನಿಂದರತಿತ್ತೇನ್ರಿ?"

ನಾವು ಏನೋ ಸಮಾಧಾನ ಹೇಳಿ ಮಲಗಿಸಿದೆವು. ತುಮಕೂರು ದಾಟಿ ಬಹಳ ಹೊತ್ತಿನವರೆಗೂ ನಮಗೆ ನಿದ್ದೆ ಬರಲಿಲ್ಲ.

ಊರಿಗೆ ಬಂದ ಮೇಲೆ ತಂದೆಯನ್ನು ಕರೆಸಿ, ಮಗನ ಮೇಲೆ ಇಷ್ಟು ಒತ್ತಡ ಹಾಕಬಾರದು ಎಂದು ಬುದ್ಧಿ ಹೇಳಲು ಹೊರಟೆವು. ಅವರು ಎಲ್ಲವನ್ನೂ ಕೇಳಿ ಒಂದೇ ಮಾತು ಹೇಳಿದರು: "ಷರತ್ತ ಹಾಕಿದವರು ನೀವ ಅಲ್ರೀ?"

ಅದಕ್ಕೆ ನಮ್ಮ ಬಳಿ ಉತ್ತರ ಇರಲಿಲ್ಲ. ಪೋಷಕರ ಒತ್ತಡ, ಪೋಷಕರ ದುರಾಸೆ ಎಂದು ತರಬೇತುದಾರರಾದ ನಾವು ಸುಲಭವಾಗಿ ಮಾತಾಡುತ್ತೇವೆ. ನಮ್ಮಲ್ಲಿ ಕೆಲವರಿಗೆ ಆ ಒತ್ತಡ ಅನುಕೂಲವೂ ಹೌದು. ತಂದೆ ಬೈದು ಕಳಿಸಿದ ಮಗು ತರಬೇತಿ ತಪ್ಪಿಸುವುದಿಲ್ಲ, ಹೇಳಿದಷ್ಟು ಓಡುತ್ತದೆ, ತಿಂಗಳ ಫೀಸೂ ನಿಲ್ಲುವುದಿಲ್ಲ. ಅವರ ಹೆದರಿಕೆ ಎಲ್ಲಿಂದ ಬಂತು ಎಂದು ನಾವು ಕೇಳಿರಲೇ ಇಲ್ಲ.

ಸರಳವಾದ ಒಂದು ಲೆಕ್ಕ ನೋಡೋಣ. 32 ಮಕ್ಕಳ ಟೂರ್ನಿಯಲ್ಲಿ ನಡೆಯುವ ಪಂದ್ಯ 31. ಒಂದೊಂದು ಪಂದ್ಯದಲ್ಲಿ ಒಬ್ಬರು ಸೋತು ಹೊರಬೀಳುತ್ತಾರೆ. ಮೊದಲ ದಿನವೇ 16 ಮಕ್ಕಳ ಆಟ ಮುಗಿಯುತ್ತದೆ. ಕೊನೆಗೆ 31 ಮಕ್ಕಳು ಸೋತೇ ಮನೆಗೆ ಹೊರಡುತ್ತಾರೆ. ಕ್ರಿಕೆಟ್ಟಿನಲ್ಲಿ ಹನ್ನೊಂದು ಜನ ಸೋಲನ್ನು ಹಂಚಿಕೊಳ್ಳುತ್ತಾರೆ; ಇಲ್ಲಿ ಒಬ್ಬನೇ ಹೊರಬೇಕು. ಅಂದರೆ ಟೆನಿಸ್ ಮಗುವಿನ ತಂದೆತಾಯಿ ಮಾಡಬೇಕಾದ ದೊಡ್ಡ ಕೆಲಸ ಸೋತ ಮಗುವನ್ನು ಮನೆಗೆ ಕರೆತರುವುದು. ಆ ಪ್ರಯಾಣದಲ್ಲಿ ನಡೆಯುವ ಮಾತನ್ನು ನಾವು ಬಸ್ಸಿನಲ್ಲಿ, ರೈಲಿನಲ್ಲಿ ಎಷ್ಟೋ ಸಲ ಕೇಳಿದ್ದೇವೆ. "ಆ ಬ್ಯಾಕ್‌ಹ್ಯಾಂಡ್ ಯಾಕೆ ನೆಟ್ಟಿಗೆ ಹೊಡೆದೆ?" "ಎಷ್ಟು ಖರ್ಚಾಗಿದೆ ಗೊತ್ತಾ?" ಮಗುವಿಗೆ ಎರಡೂ ಗೊತ್ತಿದೆ. ಬ್ಯಾಕ್‌ಹ್ಯಾಂಡಿನ ವಿಷಯ ಎರಡು ದಿನ ಬಿಟ್ಟು ಅಂಗಳದಲ್ಲಿ ನಾವು ನೋಡಿಕೊಳ್ಳುತ್ತೇವೆ. ಖರ್ಚಿನ ಮಾತು ಮಗುವಿನ ಎದುರು ಆಡಬೇಡಿ. ಆಡಲೇಬೇಕೆನಿಸಿದರೆ ನಮ್ಮ ಎದುರು ಆಡಿ.

ನಮ್ಮಲ್ಲಿಗೆ ಬರುವ ಒಬ್ಬ ಹುಡುಗಿಯನ್ನು ಅವಳ ದಾದಿಮಾ ಕರೆತರುತ್ತಾರೆ. ಬೆಳಿಗ್ಗೆ ಫಜ್ರ್ ಮುಗಿಸಿ ಆಟೋ ಹಿಡಿದು ಆರೂವರೆಗೆ ಅಂಗಳದಲ್ಲಿ ಇರುತ್ತಾರೆ, ಬೆಂಚಿನ ಮೇಲೆ ತಸ್ಬೀಹ್ ಎಣಿಸುತ್ತಾ ಕೂರುತ್ತಾರೆ. ಹದಿನೈದು, ಮೂವತ್ತು ಆದಮೇಲೆ ನಲವತ್ತೈದು ಬರಬೇಕಲ್ಲ, ನಲವತ್ತು ಯಾಕೆ ಎಂದು ಇಂದಿಗೂ ಕೇಳುತ್ತಾರೆ. (ನಮಗೂ ಸರಿಯಾಗಿ ಹೇಳಲು ಬಂದಿಲ್ಲ.) ಮೊಮ್ಮಗಳು ಗೆದ್ದರೂ ಸೋತರೂ ಅವರು ಕೇಳುವುದು "ಹಸಿವಾಯ್ತಾ ಬೇಟಿ?" ಎಂದು ಮಾತ್ರ. ಆ ಹುಡುಗಿ ನಾಲ್ಕು ವರ್ಷದಿಂದ ಬರುತ್ತಿದ್ದಾಳೆ. ಅವಳ ಜೊತೆ ಸೇರಿದವರಲ್ಲಿ ಹೆಚ್ಚಿನವರು ಬಿಟ್ಟು ಹೋಗಿದ್ದಾರೆ.

"ನನ್ನ ಮಗಳನ್ನೂ ಸಾನಿಯಾ ಮಿರ್ಝಾ ಮಾಡಿ" ಎಂದು ಕೈಹಿಡಿದು ಹೇಳುವ ತಂದೆಯರಿದ್ದಾರೆ. ಆಸೆ ತಪ್ಪಲ್ಲ. ಸಾನಿಯಾರ ತಂದೆ ಇಮ್ರಾನ್ ಮಿರ್ಝಾ ಮಗಳ ತರಬೇತುದಾರರೂ ಆಗಿದ್ದರು. 2003ರಲ್ಲಿ ವಿಂಬಲ್ಡನ್ ಬಾಲಕಿಯರ ಡಬಲ್ಸ್ ಗೆದ್ದ ಹುಡುಗಿ ಮುಂದೆ 2015ರಲ್ಲಿ ಅಲ್ಲೇ ಮಹಿಳೆಯರ ಡಬಲ್ಸ್ ಗೆದ್ದರು. ಆದರೆ ತಂದೆಯೇ ಎಲ್ಲವೂ ಆದ ಇನ್ನೊಂದು ಮನೆಯ ಕಥೆಯೂ ಇದೆ. ಇರಾನಿನ ಪರವಾಗಿ ಒಲಿಂಪಿಕ್ಸಿನಲ್ಲಿ ಬಾಕ್ಸಿಂಗ್ ಆಡಿ ಅಮೆರಿಕಕ್ಕೆ ಹೋದ ಮೈಕ್ ಅಗಾಸ್ಸಿ, ಚೆಂಡು ಎಸೆಯುವ ಯಂತ್ರದ ಎದುರು ಚಿಕ್ಕ ಮಗನನ್ನು ನಿಲ್ಲಿಸಿ ದಿನಕ್ಕೆ 2,500 ಚೆಂಡು ಹೊಡೆಸುತ್ತಿದ್ದರು. ಮಗ ಆಂಡ್ರೆ ಜಗತ್ತಿನ ನಂಬರ್ ಒನ್ ಆದ. ಆಟ ಬಿಟ್ಟ ಮೇಲೆ 2009ರಲ್ಲಿ ಬರೆದ ಆತ್ಮಕಥೆಯಲ್ಲಿ, ತಾನು ಟೆನಿಸನ್ನು ದ್ವೇಷಿಸುತ್ತಿದ್ದೆ ಎಂದು ಹೇಳಿಕೊಂಡ. ಎಂಟು ಗ್ರ್ಯಾಂಡ್ ಸ್ಲ್ಯಾಮ್ ಸಿಂಗಲ್ಸ್ ಗೆದ್ದವನ ಮಾತಿದು. ಗೆಲ್ಲದೆ ಹೋದ ಅಂಥ ಮಕ್ಕಳ ಪುಸ್ತಕವನ್ನು ಯಾರು ಬರೆಯುತ್ತಾರೆ?

ಅಮೆರಿಕದ ಜೆನಿಫರ್ ಕ್ಯಾಪ್ರಿಯಾಟಿ 14 ತುಂಬುವ ಮುಂಚೆಯೇ, 1990ರಲ್ಲಿ, ವೃತ್ತಿಪರ ಆಟಗಾರ್ತಿಯಾದರು. 16ನೇ ವಯಸ್ಸಿಗೆ ಬಾರ್ಸಿಲೋನಾದಲ್ಲಿ ಒಲಿಂಪಿಕ್ ಚಿನ್ನ. ಅದಾಗಿ ಸ್ವಲ್ಪ ಕಾಲಕ್ಕೇ ಬೇಸತ್ತು ಆಟದಿಂದ ದೂರವಾದರು. ಆಮೇಲೆ ಮರಳಿ ಬಂದು ದೊಡ್ಡ ಪ್ರಶಸ್ತಿಗಳನ್ನು ಗೆದ್ದದ್ದು ನಿಜ, ಆದರೆ ಅಂಥ ಅನುಭವಗಳ ಬಳಿಕವೇ ಮಹಿಳಾ ಟೆನಿಸಿನಲ್ಲಿ ಚಿಕ್ಕ ವಯಸ್ಸಿನ ಹುಡುಗಿಯರು ಎಷ್ಟು ಟೂರ್ನಿ ಆಡಬಹುದು ಎಂಬುದಕ್ಕೆ ಮಿತಿ ಬಂತು. ವೀನಸ್, ಸೆರೆನಾ ಇವರ ತಂದೆ ರಿಚರ್ಡ್ ವಿಲಿಯಮ್ಸ್ ಮಕ್ಕಳನ್ನು ಪಳಗಿಸಿದ್ದನ್ನು ಎಲ್ಲರೂ ಹೇಳುತ್ತಾರೆ. ವೀನಸ್‌ಗೆ ಸುಮಾರು ಹನ್ನೊಂದು ವರ್ಷವಾಗಿದ್ದಾಗ ಅವರು ಮಕ್ಕಳನ್ನು ಜೂನಿಯರ್ ಟೂರ್ನಿಗಳಿಂದಲೇ ಹಿಂದೆ ಕರೆದುಕೊಂಡದ್ದನ್ನು ಯಾರೂ ಹೇಳುವುದಿಲ್ಲ. ನಮ್ಮ ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ. ಹನ್ನೆರಡಕ್ಕೆ ಗೆಲ್ಲದಿದ್ದರೆ ಮುಗಿಯಿತು ಎನ್ನುವವರಿಗೆ ಇದನ್ನು ಹೇಳುತ್ತಿರುತ್ತೇವೆ.

ಸಾಮಾನಿನ ವಿಷಯ ಒಂದೆರಡು ಮಾತು, ಏಕೆಂದರೆ ಇಲ್ಲೂ ನಮ್ಮ ಅವಸರವೇ ಕಾಣುತ್ತದೆ. ಯೂನಿಫಾರ್ಮನ್ನು ಒಂದು ಸೈಜು ದೊಡ್ಡದಾಗಿ ಹೊಲಿಸುವ ಹಾಗೆ, ಎಂಟು ವರ್ಷದ ಮಗುವಿಗೆ ದೊಡ್ಡವರ 27 ಇಂಚಿನ ರಾಕೆಟ್ ತರುತ್ತಾರೆ. ಬೆಳೆದ ಮೇಲೂ ಆಗಲಿ ಎಂದು. ಮಣಿಕಟ್ಟು, ಮೊಣಕೈ ನೋವಿನಿಂದ ಶುರುವಾಗುತ್ತದೆ. 21, 23, 25 ಇಂಚಿನ ರಾಕೆಟ್‌ಗಳನ್ನು ಟ್ರಸ್ಟಿನಲ್ಲೇ ಇಟ್ಟಿದ್ದೇವೆ. ಬಳಸಿ, ಬೆಳೆದ ಮೇಲೆ ಮರಳಿಸಿ. ಚಿಕ್ಕ ಮಕ್ಕಳಿಗೆ ಕೆಂಪು, ಕಿತ್ತಳೆ, ಹಸಿರು ಚೆಂಡು ಕೊಟ್ಟರೆ "ಇದು ಆಟಿಕೆ, ನಮ್ಮ ಹುಡುಗನಿಗೆ ಹಳದಿ ಕೊಡಿ" ಎನ್ನುತ್ತಾರೆ. ಕೆಂಪು ಚೆಂಡು ಹಳದಿಗಿಂತ ಸುಮಾರು 75 ಶೇಕಡಾ ನಿಧಾನ, ಕಿತ್ತಳೆ 50, ಹಸಿರು 25. ಹತ್ತು ವರ್ಷದೊಳಗಿನವರ ಸ್ಪರ್ಧೆಯಲ್ಲಿ ಪೂರ್ಣ ಅಂಗಳದ ಮೇಲೆ ಹಳದಿ ಚೆಂಡು ಬಳಸಕೂಡದೆಂದು ಅಂತರರಾಷ್ಟ್ರೀಯ ಟೆನಿಸ್ ಫೆಡರೇಶನ್ 2012ರಿಂದ ನಿಯಮವನ್ನೇ ಮಾಡಿದೆ. ತಲೆಯ ಮೇಲೆ ಪುಟಿದು ಹೋಗುವ ಚೆಂಡನ್ನು ಅಟ್ಟಿಸಿಕೊಂಡು ಹೋಗುವ ಮಗು ಹೊಡೆತ ಕಲಿಯುವುದಿಲ್ಲ.

ಹುಡುಗಿಯರ ತಾಯಂದಿರು ಉಡುಪಿನ ಬಗ್ಗೆ ಕೇಳುತ್ತಾರೆ. ನಮ್ಮ ತರಬೇತಿಯಲ್ಲಿ ಪೂರ್ಣ ತೋಳಿನ ಅಂಗಿ, ಉದ್ದ ಪ್ಯಾಂಟು, ಸ್ಕಾರ್ಫ್ ಯಾವುದಕ್ಕೂ ಅಡ್ಡಿಯಿಲ್ಲ. ಹುಡುಗಿಯರು ಆಟ ಬಿಡುವುದಕ್ಕೆ ನಾವು ಕಂಡ ಕಾರಣ ಉಡುಪಲ್ಲ, ಜೊತೆಗೆ ಬರುವವರಿಲ್ಲದಿರುವುದು. ಅಣ್ಣನ ಟ್ಯೂಷನ್ನಿಗೆ ಬಿಡುವು ಮಾಡಿಕೊಳ್ಳುವ ಮನೆ ತಂಗಿಯ ಟೆನಿಸ್ಸಿಗೂ ಮಾಡಿಕೊಳ್ಳಬೇಕು. ವಿಂಬಲ್ಡನ್ ಫೈನಲ್ ಎರಡು ಸಲ ಆಡಿದ ಟ್ಯುನೀಶಿಯಾದ ಓನ್ಸ್ ಜಬೇರ್ ಅವರನ್ನು ಪುಟ್ಟ ಹುಡುಗಿಯಾಗಿದ್ದಾಗ ಟೆನಿಸ್ ಅಂಗಳಕ್ಕೆ ಕರೆದುಕೊಂಡು ಹೋದವರು ಅವರ ತಾಯಿ.

ಇನ್ನು ಹೊಸ ಷರತ್ತುಗಳು. ರ‍್ಯಾಂಕಿಂಗ್, ಕ್ವಾರ್ಟರ್ ಫೈನಲ್ ಎರಡೂ ಅರ್ಜಿಯಲ್ಲಿ ಇಲ್ಲ. ಒಂದು ಪಂದ್ಯವನ್ನೂ ಗೆಲ್ಲದ ಮಗುವಿಗೂ ನೆರವು ಮುಂದುವರಿಯುತ್ತದೆ. ನಾವು ನೋಡುವುದು ತರಬೇತಿಯ ಹಾಜರಿ ಮತ್ತು ಶಾಲೆಯ ಹಾಜರಿ. ರಂಝಾನ್ ತಿಂಗಳ ಗೈರು, ಪರೀಕ್ಷೆಯ ದಿನಗಳ ಗೈರು, ವೈದ್ಯರು ವಿಶ್ರಾಂತಿ ಹೇಳಿದ ದಿನಗಳ ಗೈರು ಲೆಕ್ಕಕ್ಕಿಲ್ಲ. ನೋವನ್ನು ಮುಚ್ಚಿಟ್ಟು ಆಡುವ ಅಗತ್ಯ ಯಾವ ಮಗುವಿಗೂ ಬರಬಾರದು. ಗೆರೆಯ ವಿಷಯದಲ್ಲಿ ಮಗು ತಾನಾಗಿ ಎದುರಾಳಿಗೆ ಅಂಕ ಬಿಟ್ಟುಕೊಟ್ಟದ್ದನ್ನು ನೋಡಿದರೆ, ತರಬೇತುದಾರರು ಅದನ್ನು ದಾಖಲೆ ಪುಸ್ತಕದಲ್ಲಿ ಬರೆದಿಡುತ್ತಾರೆ. ಅದಕ್ಕೆ ಬಹುಮಾನವೇನೂ ಇಲ್ಲ, ಬರೆದಿಡುವುದಷ್ಟೇ.

ಪೋಷಕರಿಗೂ ಒಂದು ಷರತ್ತಿದೆ. ತಾಯಿಯೋ ತಂದೆಯೋ ದಾದಿಯೋ, ಮನೆಯ ಒಬ್ಬ ಹಿರಿಯರು ವರ್ಷಕ್ಕೆ ಮೂರು ಭಾನುವಾರ ನಮ್ಮೊಂದಿಗೆ ಕೂರಬೇಕು. ಆ ದಿನ ಕೂಲಿ ತಪ್ಪುವವರಿಗೆ ಏನು ಮಾಡಬಹುದೆಂದು ಟ್ರಸ್ಟಿಗಳ ಜೊತೆ ಮಾತು ನಡೆಯುತ್ತಿದೆ. ಇನ್ನೂ ತೀರ್ಮಾನವಾಗಿಲ್ಲ, ದಾನಿಗಳು ಮನಸ್ಸು ಮಾಡಿದರೆ ಇಂದೇ ಆಗಬಹುದು. ಅಂದು ರೈಲಿನಲ್ಲಿ ಕೇಳಿದ ಆ ಹುಡುಗನ ತಂದೆ ಮೊದಲ ಭಾನುವಾರ ಬರುವುದಾಗಿ ಒಪ್ಪಿದ್ದಾರೆ. ಹುಡುಗ ಈ ವರ್ಷ ಅರ್ಜಿ ಹಾಕಿಲ್ಲ. ಸ್ವಲ್ಪ ದಿನ ಆಡುವುದು ಬೇಡ ಎಂದಿದ್ದಾನಂತೆ. ಅವನ ಹೆಸರಿನ ಮುಂದಿನ ಜಾಗವನ್ನು ನಾವು ಖಾಲಿ ಇಟ್ಟಿದ್ದೇವೆ.

ಅರ್ಜಿ ನಮೂನೆ ಈ ವರದಿಯ ಕೊನೆಯ ಪುಟದಲ್ಲಿದೆ, ಕತ್ತರಿಸಿಕೊಳ್ಳಬಹುದು. ಅಸರ್ ನಮಾಝಿನ ನಂತರ ಕಚೇರಿ ತೆರೆದಿರುತ್ತದೆ. ಬರೆಯಲು ಬಾರದವರಿಗೆ ತುಂಬಿಸಿ ಕೊಡಲು ಅಲ್ಲಿ ಜನ ಇದ್ದಾರೆ. ಬರುವಾಗ ಮಗುವನ್ನು ಕರೆತನ್ನಿ, ರಾಕೆಟ್ಟಿನ ಅಳತೆ ನೋಡಬೇಕು.