ಶಾಲೆಯ ಹೊರಗಣ ತರುಣರ ವಿದ್ಯೆ



ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂದೊಡನೆ ಮಾವಿನ ತೋಪು, ಎಲೆಬಳ್ಳಿ, ಕನಕದಾಸರ ಬಾಡ, ಸರ್ವಜ್ಞನ ಸೀಮೆ ನೆನಪಾಗುವುದು ಸಹಜ. ಈ ದಿನ ನಾವು ಮಾತನಾಡಬೇಕೆಂದಿರುವುದು ಆ ಸೀಮೆಯ ಹದಿನಾಲ್ಕು ಹದಿನೈದರ ಹುಡುಗ ಹುಡುಗಿಯರನ್ನು ಕುರಿತು; ಅವರಲ್ಲಿಯೂ ಶಾಲೆಯ ಬಾಗಿಲು ದಾಟಿ ಹೊರಬಂದು ಮತ್ತೆ ಒಳಹೋಗದವರನ್ನು ಕುರಿತು. 2009ರ ಶಿಕ್ಷಣ ಹಕ್ಕಿನ ಕಾನೂನು 6ರಿಂದ 14ರ ವಯಸ್ಸಿನವರಿಗೆ ವಿದ್ಯೆಯನ್ನು ಕಡ್ಡಾಯ ಮಾಡಿದೆ. 14 ತುಂಬಿತೆಂದರೆ ಕಾನೂನಿನ ಕೈ ಹಿಂದಕ್ಕೆ ಸರಿಯುತ್ತದೆ. ಮನಸ್ಸು ಪ್ರಶ್ನೆ ಕೇಳಲು ತೊಡಗುವ ಕಾಲವೂ ಅದೇ.

ಅಮೆರಿಕದ ಮಸಾಚುಸೆಟ್ಸ್ ಪ್ರಾಂತ್ಯದಲ್ಲಿ 1996ರಲ್ಲಿ ಕೆನ್ ಡ್ಯಾನ್‌ಫರ್ಡ್, ಜೋಶುವಾ ಹಾರ್ನಿಕ್ ಎಂಬ ಇಬ್ಬರು ಉಪಾಧ್ಯಾಯರು ತಮ್ಮ ಕೆಲಸವನ್ನು ಬಿಟ್ಟು ತರುಣರಿಗಾಗಿ ಒಂದು ಕೇಂದ್ರವನ್ನು ತೆರೆದರು. ಅದಕ್ಕೆ ಈಗ ನಾರ್ತ್ ಸ್ಟಾರ್ ಎಂದು ಹೆಸರು. ಅಲ್ಲಿ ಹಾಜರಿಯ ಕಟ್ಟುಪಾಡಿಲ್ಲ, ಅಂಕಗಳಿಲ್ಲ. ಪಾಠಗಳುಂಟು, ಬೇಕಾದವರು ಕೂಡುತ್ತಾರೆ. ಪ್ರತಿಯೊಬ್ಬ ತರುಣನಿಗೂ ಒಬ್ಬ ಸಲಹೆಗಾರನಿದ್ದು, ವಾರಕ್ಕೊಮ್ಮೆ ಅವನೊಡನೆ ಕುಳಿತು ಮಾತನಾಡುತ್ತಾನೆ. ಈ ಕ್ರಮವನ್ನು ಅವರು ಬೇರೆ ಊರಿನವರಿಗೂ ಕಲಿಸಿಕೊಟ್ಟುದರಿಂದ ಇಂಥ ಕೇಂದ್ರಗಳು ಬೇರೆ ಪ್ರಾಂತ್ಯಗಳಲ್ಲಿಯೂ ಹುಟ್ಟಿದವು.

ಇದು ಪಡುವಣ ದೇಶದ ಹೊಸ ಹುಚ್ಚೆಂದು ತಳ್ಳಿಹಾಕುವಂತಿಲ್ಲ. ಡೆನ್ಮಾರ್ಕಿನಲ್ಲಿ ಗ್ರುಂಟ್‌ವಿಗ್ ಎಂಬ ಪಾದ್ರಿಯ ವಿಚಾರಗಳಿಂದ 1844ರಲ್ಲಿಯೇ ರೈತರ ಮಕ್ಕಳಿಗಾಗಿ ಜನತಾ ಪ್ರೌಢಶಾಲೆ ಆರಂಭವಾಯಿತು. ಅದೇ ಮಾದರಿಯಲ್ಲಿ ನಮ್ಮ ನಂಜನಗೂಡಿನಲ್ಲಿ 1947ರಲ್ಲಿ ವಯಸ್ಕರ ಶಿಕ್ಷಣ ಸಮಿತಿಯು ಗ್ರಾಮೀಣ ಯುವಕರಿಗೆ ವಿದ್ಯಾಪೀಠವನ್ನು ಸ್ಥಾಪಿಸಿತು. ಆಗ ಹಾನಗಲ್ಲು ಮುಂಬಯಿ ಪ್ರಾಂತ್ಯದಲ್ಲಿತ್ತು, ಸವಣೂರು ತನ್ನ ನವಾಬರ ಆಳಿಕೆಯಲ್ಲಿತ್ತು. ಡೆನ್ಮಾರ್ಕಿನಿಂದ ಕಪಿಲೆಯ ದಡಕ್ಕೆ ಬಂದ ವಿಚಾರಕ್ಕೆ ವರದೆಯ ದಡವೇನೂ ದೂರವಲ್ಲ.

ಆದರೆ ತರುವುದು ಯಾವುದನ್ನು? ಇಲ್ಲಿಯೇ ನಾವು ಎಚ್ಚರದಿಂದಿರಬೇಕು. ಅಮೆರಿಕದ ಆ ಕೇಂದ್ರವು ತರುಣರಿಗೆ ‘ಬೇಡವಾದರೆ ಶಾಲೆಯನ್ನು ಬಿಡಬಹುದು’ ಎಂದು ಹೇಳುತ್ತದೆ. ಅಲ್ಲಿ ಬಿಟ್ಟವನ ಹಿಂದೆ ಓದಿದ ತಂದೆತಾಯಿಗಳೂ ಪುಸ್ತಕಭಂಡಾರವೂ ಇರುವುದುಂಟು. ಹಿರೇಕೆರೂರಿನ ಹಳ್ಳಿಯ ಹುಡುಗಿ ಶಾಲೆ ಬಿಟ್ಟರೆ ಅವಳನ್ನು ಕಾದಿರುವುದು ಗೋವಿನಜೋಳದ ಹೊಲ, ಅದರಾಚೆ ಮದುವೆಯ ಚಪ್ಪರ. ಹದಿನೆಂಟಕ್ಕೆ ಮೊದಲು ಅವಳ ಮದುವೆ ಕೂಡದೆಂದು 2006ರ ಕಾನೂನು ಹೇಳಿದರೂ, ಹಾಜರಿ ಪುಸ್ತಕದಲ್ಲಿ ಹೆಸರಿರುವುದೇ ಅವಳಿಗೆ ದೊಡ್ಡ ಕಾವಲು. ಆದಕಾರಣ ಶಾಲೆ ಬಿಡಿರೆಂಬ ಕರೆ ನಮ್ಮಲ್ಲಿ ಸಲ್ಲದು. ಈಗಾಗಲೇ ಬಿಟ್ಟವರಿಗೆ ಬಾಗಿಲು ತೆರೆಯುವುದು ಸಲ್ಲುತ್ತದೆ. ಕಟ್ಟಡ, ಪಠ್ಯಕ್ರಮಗಳಿಗಿಂತ ಆ ವಾರಕ್ಕೊಂದು ಗಳಿಗೆಯ ಮಾತುಕತೆಯನ್ನು ನಾವು ಮೊದಲು ತರಬೇಕು. ಅರುವತ್ತು ಮಂದಿಯ ತರಗತಿಯಲ್ಲಿ ವರುಷ ಕಳೆದರೂ ವಿದ್ಯಾರ್ಥಿಯ ಹೆಸರು ತಿಳಿಯದ ನಾವು, ಕಾಲೇಜಿನವರು, ಇದನ್ನು ಹೇಳುವಾಗ ತುಸು ನಾಚಿಕೊಳ್ಳಬೇಕಾಗಿದೆ.

ಪರೀಕ್ಷೆಯ ತೊಡಕೂ ದೊಡ್ಡದಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ 14 ತುಂಬಿದವರು ಹತ್ತನೆಯ ತರಗತಿಗೆ ಹೆಸರು ಕೊಡಬಹುದು. ಐದು ವರುಷಗಳ ಅವಧಿಯಲ್ಲಿ ಒಂದೊಂದೇ ವಿಷಯವನ್ನು ಮುಗಿಸಬಹುದು. ಮಾವಿನ ಸುಗ್ಗಿಯಲ್ಲಿ ದುಡಿದು ಮಳೆಗಾಲದಲ್ಲಿ ಓದುವವನಿಗೆ ಇದು ಒಗ್ಗುವ ಏರ್ಪಾಡು.

ನಾಲ್ಕು ಊರುಗಳಿಗೆ ಒಂದೇ ಅಚ್ಚು ಆಗದು. ಸವಣೂರಿನಲ್ಲಿ ಕನ್ನಡದ ಜೊತೆಗೆ ಉರ್ದು ಪುಸ್ತಕಗಳೂ ಇರಬೇಕು. ಎಲೆತೋಟದ ಹಿರಿಯರೊಬ್ಬರು ವಾರಕ್ಕೊಮ್ಮೆ ಬಂದು ಕುಳಿತರೆ ಸಸ್ಯಶಾಸ್ತ್ರದ ಪಾಠ ತಾನಾಗಿ ನಡೆಯುತ್ತದೆ. ಶಿಗ್ಗಾಂವಿಯವರಿಗೆ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಕೂಗಳತೆಯಲ್ಲಿದೆ. ಅಲ್ಲಿಯ ವಿದ್ವಾಂಸರು ಈ ತರುಣರಿಂದ ಹಾಡು ಸಂಗ್ರಹಿಸಿ ಹೋದರೆ ಸಾಲದು, ಅವರಿಗೆ ಏನನ್ನಾದರೂ ಕೊಟ್ಟುಹೋಗಬೇಕು. ಹೊಲಗೆಲಸ, ಗೋಸೇವೆಗಳೊಡನೆ ಓದು ಹೇಗೆ ಕೂಡಿಬರುತ್ತದೆಂಬುದನ್ನು ಹಾವೇರಿಯ ಸಮೀಪದ ಹೊಸರಿತ್ತಿಯ ಗಾಂಧಿ ಗ್ರಾಮೀಣ ಗುರುಕುಲದಲ್ಲಿ ಕಣ್ಣಾರೆ ನೋಡಬಹುದು. ಅದು ವಸತಿಶಾಲೆ, ನಾವು ಹೇಳುತ್ತಿರುವುದು ಹಗಲು ಬಂದು ಹೋಗುವ ಕೇಂದ್ರ. ಆದರೂ ನೋಡಿ ಕಲಿಯತಕ್ಕದ್ದು ಬಹಳವುಂಟು.

ಮೊದಲ ಕೆಲಸ ಸಣ್ಣದು. ಎಂಟನೆಯ ತರಗತಿಯಲ್ಲಿದ್ದು ಹತ್ತನೆಯದರಲ್ಲಿ ಕಾಣದೆ ಹೋದವರು ಯಾರೆಂಬುದು ಪ್ರತಿ ಪ್ರೌಢಶಾಲೆಯ ದಾಖಲೆಯಲ್ಲಿಯೇ ಇದೆ. ಆ ಹೆಸರುಗಳನ್ನು ಹಿಡಿದು ಮನೆಮನೆಗೆ ಹೋಗತಕ್ಕವರು ಊರಿಗೆ ಇಬ್ಬರು ಸಿಕ್ಕಿದರೆ ಸಾಕು. ಕೇಂದ್ರದ ಕೊಠಡಿ ಬಸ್ ನಿಲ್ದಾಣದ ಸಮೀಪದಲ್ಲಿರಲಿ. ಹಳ್ಳಿಯಿಂದ ಬಂದ ಹುಡುಗಿಗೆ ಕತ್ತಲಾಗುವ ಮೊದಲೇ ಊರಿನ ಬಸ್ಸು ಸಿಕ್ಕಬೇಕು.