ಕಾಯದ ಭಾರವೂ ಕಿರುನಿಯಮದ ಬಲವೂ

(ಶ್ರಾವಣ ಮಾಸದ ಪ್ರವಚನ ಮಾಲೆಯಲ್ಲಿ ಸೋಮವಾರ ಸಂಜೆ ಶ್ರೀಮಠದ ಆವರಣದಲ್ಲಿ ದಯಪಾಲಿಸಿದ ಆಶೀರ್ವಚನ)



ನಿನ್ನೆಯವರೆಗೆ ನಾವು ಷಟ್‌ಸ್ಥಲದ ಮೊದಲ ಮೂರು ಮೆಟ್ಟಿಲುಗಳನ್ನು ಕುರಿತು ವಿಚಾರ ಮಾಡಿದೆವು. ಭಕ್ತನಿಗೆ ಶ್ರದ್ಧೆ, ಮಹೇಶನಿಗೆ ನಿಷ್ಠೆ, ಪ್ರಸಾದಿಗೆ ಅವಧಾನ ಎಂದು ತಿಳಿದುಕೊಂಡೆವು. ಪ್ರವಚನ ಮುಗಿದು ಮಂಗಳಾರತಿಯಾದ ಮೇಲೆ ಒಬ್ಬ ಭಕ್ತರು ನಮ್ಮ ಬಳಿಗೆ ಬಂದು ಕೈಮುಗಿದು ಕೇಳಿದರು: "ಅಜ್ಜಾರ, ತೂಕ ಇಳಿಸ್ರಿ ಅಂತ ಡಾಕ್ಟರ್ ಹೇಳಿ ಮೂರು ವರ್ಷ ಆತು. ಇಳಿಸಬೇಕು ಅನ್ನೋದು ಗೊತ್ತೈತಿ. ಆದರ ಮನಸ್ಸ ಮುಂದಕ ಬರವಲ್ದು. ಏನ್ ಮಾಡಲಿ?"

ಅಲ್ಲಿ ನಿಂತವರು ನಕ್ಕರು. ನಾವು ನಗಲಿಲ್ಲ. ಏಕೆಂದರೆ ಆ ಪ್ರಶ್ನೆ ಬಹಳ ದಿನ ನಮ್ಮದೂ ಆಗಿತ್ತು. ಆದುದರಿಂದ ಇಂದು ಮುಂದಿನ ಸ್ಥಲಕ್ಕೆ ಹೋಗುವ ಮೊದಲು ಈ ಭಕ್ತರ ಪ್ರಶ್ನೆಯನ್ನೇ ಎತ್ತಿಕೊಳ್ಳುತ್ತೇವೆ. ಶ್ರದ್ಧೆ, ನಿಷ್ಠೆ, ಅವಧಾನಗಳು ಪೂಜೆಯ ಕೋಣೆಯಲ್ಲಿ ಮಾತ್ರ ಇದ್ದು ಊಟದ ಸಾಲಿಗೆ ಬಾರದಿದ್ದರೆ ಅವುಗಳಿಂದ ಪ್ರಯೋಜನವೇನು?

ಮೊದಲು ಒಂದು ಮಾತು. ಸ್ಥೂಲ ಶರೀರದವರನ್ನು ಕಂಡು ಯಾರೂ ನಗಬಾರದು. ಕೆಲವರಿಗೆ ಅದು ವಂಶದಿಂದ ಬರುತ್ತದೆ, ಕೆಲವರಿಗೆ ಥೈರಾಯ್ಡ್ ಗ್ರಂಥಿಯ ದೋಷದಿಂದ, ಕೆಲವರಿಗೆ ಸೇವಿಸುವ ಔಷಧಿಯಿಂದ. ನಗುವವನು ಹಗುರಾಗುವುದಿಲ್ಲ, ನಗಿಸಿಕೊಂಡವನೂ ಹಗುರಾಗುವುದಿಲ್ಲ. ಈ ಕಾಯವನ್ನು ನಮ್ಮ ಶರಣರು ಹೇಯವೆಂದು ತಳ್ಳಲಿಲ್ಲ. ಲಿಂಗವನ್ನು ಧರಿಸುವ ಪೀಠವೆಂದು ಗೌರವಿಸಿದರು. ಕಾಳಿದಾಸನೂ ಕುಮಾರಸಂಭವದ ಐದನೆಯ ಸರ್ಗದಲ್ಲಿ, ಕಠಿಣ ತಪಸ್ಸಿಗೆ ನಿಂತ ಪಾರ್ವತಿಗೆ ವಟುವೇಷದ ಶಿವನ ಬಾಯಿಂದ ಇದನ್ನೇ ಹೇಳಿಸುತ್ತಾನೆ: ಧರ್ಮಕ್ಕೆ ಮೊದಲ ಸಾಧನ ಶರೀರವೇ. ಆದುದರಿಂದ ಭಾರವನ್ನು ಇಳಿಸುವ ಮಾತು ಅಂದಚಂದದ ಮಾತಲ್ಲ, ಸಾಧನವನ್ನು ಕಾಪಾಡಿಕೊಳ್ಳುವ ಮಾತು.

ಈ ಭಾರ ಎಲ್ಲಿಂದ ಬಂತು? ನಮ್ಮ ಹಿರಿಯರೂ ಎರಡು ಜೋಳದ ರೊಟ್ಟಿ, ಕಾಳಿನ ಪಲ್ಯೆ, ಶೇಂಗಾ ಚಟ್ನಿ ಉಂಡರು. ಹಬ್ಬಕ್ಕೆ ಹೋಳಿಗೆ, ಜಾತ್ರೆಗೆ ಗೋಧಿಹುಗ್ಗಿ ಉಂಡರು. ಆದರೆ ಅವರು ಹೊತ್ತು ಮೂಡುವ ಮೊದಲು ಎದ್ದು ಹೊಲಕ್ಕೆ ನಡೆದರು, ಮಡಿಕೆ ಹೊಡೆದರು. ತಾಯಂದಿರು ಬೀಸಿದರು, ಕುಟ್ಟಿದರು, ಬಾವಿಯಿಂದ ನೀರು ಹೊತ್ತರು. ಇಂದು ಹೊಲಕ್ಕೆ ಮೋಟಾರು ಸೈಕಲ್ಲು ಬಂದಿದೆ, ಮನೆಗೆ ನಲ್ಲಿ ಬಂದಿದೆ, ಹಿಟ್ಟಿಗೆ ಗಿರಣಿ ಬಂದಿದೆ. ಇವು ಬಂದುದು ಒಳ್ಳೆಯದೇ. ನಮ್ಮ ತಾಯಂದಿರ ಬೆನ್ನು ಉಳಿಯಿತು. ಆದರೆ ಹೊಲದ ದುಡಿಮೆ ಹೋಯಿತು, ಹೊಲದ ಊಟ ಹಾಗೆಯೇ ಉಳಿಯಿತು. ಅದರ ಮೇಲೆ ಸಂಜೆಯ ಮಿರ್ಚಿಭಜಿಯೂ ದಿನಕ್ಕೆ ಐದಾರು ಸಲದ ಚಹಾವೂ ಸೇರಿದವು. ಉಣ್ಣುವುದು ಕಾಯಕಕ್ಕೆ ಮಿಕ್ಕಿದಾಗ ಮಿಕ್ಕಿದ್ದು ಮೈಯಲ್ಲಿ ಕೂಡುತ್ತದೆ. ಇದರಲ್ಲಿ ಗೂಢವೇನೂ ಇಲ್ಲ.

ಈಗ ನಮ್ಮ ಸಂಗತಿ ಹೇಳುತ್ತೇವೆ. ಗುರುಗಳಾದವರು ತಮ್ಮ ತಪ್ಪನ್ನು ಮರೆಮಾಡಿ ಭಕ್ತರಿಗೆ ಬೋಧಿಸಬಾರದು. ನೀವು ಪ್ರೀತಿಯಿಂದ ಮನೆಗೆ ಕರೆಯುತ್ತೀರಿ, ಪಾದಪೂಜೆ ಮಾಡುತ್ತೀರಿ, ಪ್ರಸಾದಕ್ಕೆ ಕೂಡಿಸುತ್ತೀರಿ. ಒಂದೇ ದಿನ ನಾಲ್ಕು ಮನೆ. ಪ್ರತಿ ಮನೆಯಲ್ಲೂ ಹಾಲು, ಹೋಳಿಗೆ, ತುಪ್ಪ. ಬೇಡವೆಂದರೆ ನೋಯುತ್ತೀರೆಂದು ನಾವು ಉಂಡೆವು. ರುಚಿಯಾಗಿತ್ತೆಂದೂ ಉಂಡೆವು, ಇದನ್ನು ಒಪ್ಪಿಕೊಳ್ಳಬೇಕು. ಹೀಗೆ ನಮ್ಮ ತೂಕ 96 ಕಿಲೋ ಆಯಿತು. ಗುಡ್ಡದ ಮೇಲಿನ ಗದ್ದುಗೆಯ ಮೆಟ್ಟಿಲು ಹತ್ತುವಾಗ ಮೂರು ಕಡೆ ನಿಲ್ಲಬೇಕಾಯಿತು. ಕೊನೆಗೆ ಒಂದು ಬೆಳಿಗ್ಗೆ ಪೂಜೆಗೆ ಮಣೆಯ ಮೇಲೆ ಕುಳಿತವರು ಏಳಲಾರದೆ ಹೋದೆವು. ಮಠದ ಮರಿಗಳಿಬ್ಬರು ಬಂದು ರಟ್ಟೆ ಹಿಡಿದು ಎಬ್ಬಿಸಿದರು. ಮರುದಿನ ಪೂಜೆಯ ಕೋಣೆಗೆ ಕುರ್ಚಿ ಬಂತು.

ಕುರ್ಚಿಯ ಮೇಲೆ ಕುಳಿತು ಲಿಂಗಪೂಜೆ ಮಾಡುವುದು ದೋಷವಲ್ಲ. ಮುಪ್ಪಿನಿಂದಲೋ ರೋಗದಿಂದಲೋ ಕುರ್ಚಿ ಹಿಡಿದವರ ಪೂಜೆಯನ್ನು ಲಿಂಗದೇವನು ಒಪ್ಪುತ್ತಾನೆ. ನಮ್ಮನ್ನು ಚುಚ್ಚಿದ್ದು ಬೇರೆ. ನಮಗೆ ಮುಪ್ಪು ಬಂದಿರಲಿಲ್ಲ. ಗುರುಗಳು ಕರುಣಿಸಿದ ಲಿಂಗವನ್ನು ಅಂಗೈಯಲ್ಲಿ ಹಿಡಿದು ಕುಳಿತಾಗ, ನಮ್ಮನ್ನು ಮಣೆಯಿಂದ ಕುರ್ಚಿಗೆ ಏರಿಸಿದ್ದು ನಮ್ಮ ನಾಲಿಗೆಯೇ ಎಂಬುದು ತಿಳಿದು ಕಣ್ಣು ತುಂಬಿತು.

ಆಗ ನಾವೇನು ಮಾಡಿದೆವು? ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆವು. ಶ್ರಾವಣ ಬಂದಿತ್ತು. ತಿಂಗಳು ಪೂರ್ತಿ ಹಣ್ಣುಹಾಲಿನ ಮೇಲೆ ಇರುತ್ತೇವೆಂದು ಸಂಕಲ್ಪ ಮಾಡಿದೆವು. ಆರು ಕಿಲೋ ಇಳಿಯಿತು. ಭಕ್ತರು ಕೊಂಡಾಡಿದರು. ದೀಪಾವಳಿ ಕಳೆದು ಸಂಕ್ರಾಂತಿ ಬರುವಷ್ಟರಲ್ಲಿ ಆರರ ಜಾಗದಲ್ಲಿ ಏಳು ಮರಳಿ ಬಂತು. ಉತ್ಸಾಹವೆಂಬುದು ಬಂದುಹೋಗುವ ಅತಿಥಿ, ನಿಯಮವೆಂಬುದು ಮನೆಯವ. ಅತಿಥಿಯ ಕೈಗೆ ಮನೆಯ ಕೀಲಿಕೈ ಕೊಟ್ಟರೆ ಏನಾಗಬೇಕೋ ಅದೇ ಆಯಿತು.

ಆಮೇಲೆ ನಾವು ಹಳೆಯ ಪೊತ್ತಿಗೆಯ ಕಡೆ ತಿರುಗಿದೆವು. ಪಾಠಶಾಲೆಯಲ್ಲಿ ಓದಿದ ಚರಕಸಂಹಿತೆಯನ್ನು ಮತ್ತೆ ತೆರೆದೆವು. ಅದರ ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ಆಚಾರ್ಯರು ಅತಿಸ್ಥೂಲ, ಅತಿಕೃಶ ಎರಡನ್ನೂ ವಿವರಿಸಿ, ಎರಡರಲ್ಲಿ ಅತಿಸ್ಥೌಲ್ಯದ ಚಿಕಿತ್ಸೆಯೇ ಹೆಚ್ಚು ಕಷ್ಟವೆಂದು ಹೇಳಿದ್ದಾರೆ. ಆದರೆ ನಮ್ಮ ಕಣ್ಣು ತೆರೆಸಿದ್ದು 7ನೆಯ ಅಧ್ಯಾಯ. ಬಹುಕಾಲ ರೂಢಿಯಾದ ಅಹಿತವನ್ನು ಒಮ್ಮೆಲೇ ಬಿಡಬಾರದು; ಪಾಲುಪಾಲಾಗಿ, ನಡುವೆ ದಿನಗಳ ಅಂತರವಿಟ್ಟು ಬಿಡಬೇಕು; ಹಿತವನ್ನು ಹಿಡಿಯುವುದೂ ಅದೇ ಕ್ರಮದಲ್ಲಿ. ಕ್ರಮವಾಗಿ ಬಿಟ್ಟ ದೋಷ ಮರಳುವುದಿಲ್ಲ, ಕ್ರಮವಾಗಿ ಗಳಿಸಿದ ಗುಣ ಕದಲುವುದಿಲ್ಲ ಎಂಬುದು ಅಲ್ಲಿಯ ಅಭಿಪ್ರಾಯ.

ರೈತ ಬಂಧುಗಳಿಗೆ ಇದು ಬೇಗ ತಿಳಿಯುತ್ತದೆ. ಸಂತೆಯಿಂದ ಬರುವ ಬಂಡಿಗೆ ಒಬ್ಬೊಬ್ಬರು ಒಂದೊಂದು ಗಂಟು ಹಾಕಿದರು. ಯಾವ ಗಂಟೂ ದೊಡ್ಡದಲ್ಲ. ಊರು ಮುಟ್ಟುವಷ್ಟರಲ್ಲಿ ಎತ್ತು ಮೊಣಕಾಲೂರಿತು. ಜಾಣನಾದವನು ಆಗ ಮುಂದಿನ ಭಾರವನ್ನೆಲ್ಲ ಒಮ್ಮೆಲೇ ಎಳೆದು ಹಾಕುತ್ತಾನೆಯೇ? ಹಾಕಿದರೆ ಮೂಕಿ ಮೇಲೆದ್ದು ಬಂಡಿ ಹಿಂದಕ್ಕೆ ಉರುಳುತ್ತದೆ. ಅವನು ಸಮತೋಲ ನೋಡಿಕೊಂಡು ಒಂದೊಂದೇ ಗಂಟು ಇಳಿಸುತ್ತಾನೆ. ಗಂಟುಗಂಟಾಗಿ ಏರಿದ್ದು ಗಂಟುಗಂಟಾಗಿಯೇ ಇಳಿಯಬೇಕು.

ನಾವು ಇಳಿಸಿದ ಮೊದಲ ಗಂಟು ಸಕ್ಕರೆ. ದಿನಕ್ಕೆ ಐದು ಬಟ್ಟಲು ಹಾಲು-ಚಹಾ, ಬಟ್ಟಲಿಗೆ ಎರಡು ಚಮಚ ಸಕ್ಕರೆ. ಚಮಚಕ್ಕೆ 4 ಗ್ರಾಮು ಹಿಡಿದರೂ ದಿನಕ್ಕೆ 40 ಗ್ರಾಮು, ವರ್ಷಕ್ಕೆ 14 ಕಿಲೋಗೂ ಮಿಕ್ಕು! ಲೆಕ್ಕ ಹಾಕಿ ನಾವೇ ಬೆರಗಾದೆವು. ಎರಡು ಚಮಚವನ್ನು ಒಂದೂವರೆ ಮಾಡಿದೆವು. ಹದಿನೈದು ದಿನ ಕಳೆದು ಒಂದು ಮಾಡಿದೆವು. ತಿಂಗಳ ಮೇಲೆ ಅರ್ಧ. ಈಗ ಯಾರಾದರೂ ಎರಡು ಚಮಚ ಹಾಕಿ ಕೊಟ್ಟರೆ ನಮಗೇ ಬಾಯಿ ಕಟ್ಟುತ್ತದೆ.

ಎರಡನೆಯದು ನಡಿಗೆ. ಸಂಜೆಯ ಮಂಗಳಾರತಿಯ ನಂತರ ಗದ್ದುಗೆಯ ಸುತ್ತ ಐದು ಪ್ರದಕ್ಷಿಣೆ. ವಾರಕ್ಕೊಂದು ಸುತ್ತು ಹೆಚ್ಚು. ಇಂದು ಅರ್ಧ ಗಂಟೆ ನಡೆಯುತ್ತೇವೆ.

ಮೂರನೆಯದು ಎಲ್ಲಕ್ಕಿಂತ ಕಠಿಣವಾದುದು, ಪ್ರಸಾದದ ವಿಷಯ. ಪ್ರಸಾದವನ್ನು ಬಿಡಬಾರದು, ಚೆಲ್ಲಬಾರದು ಎಂಬುದು ನಮ್ಮ ಧರ್ಮ. ಆದರೆ ಬೇಡವಾದಷ್ಟು ಬಡಿಸಿಕೊಂಡು, ಬಿಡಬಾರದೆಂದು ಹೊಟ್ಟೆಗೆ ತುರುಕುವುದು ಧರ್ಮವೇ? ಅದು ಕಸದ ಕುಣಿಗೆ ಚೆಲ್ಲುವ ಬದಲು ಮೈಯೊಳಗೆ ಚೆಲ್ಲಿದಂತೆ. ಬಡಿಸಿಕೊಂಡ ಮೇಲೆ ಬಿಡುವುದು ಅಪಚಾರ. ಬಡಿಸುವ ಮೊದಲು ಕೈ ಅಡ್ಡ ಹಿಡಿಯುವುದು ಅವಧಾನ. ಲಿಂಗಕ್ಕೆ ಅರ್ಪಿಸಿ ಉಣ್ಣುವವನಿಗೆ ಎಷ್ಟು ಅರ್ಪಿಸಿದೆನೆಂಬ ಎಚ್ಚರ ಬೇಡವೇ? ಹೊಟ್ಟೆಯನ್ನು ಮೂರು ಪಾಲು ಮಾಡಿ ಒಂದು ಘನಕ್ಕೆ, ಒಂದು ದ್ರವಕ್ಕೆ, ಒಂದು ದೋಷಗಳ ಸಂಚಾರಕ್ಕೆ ಬಿಡಬೇಕೆಂದು ಚರಕರ ವಿಮಾನಸ್ಥಾನ ಹೇಳುತ್ತದೆ.

ನಾವು ಮೊದಲ ಸಲ ಕೈ ಅಡ್ಡ ಹಿಡಿದ ಮನೆಯಲ್ಲಿ ಒಬ್ಬ ಮುಪ್ಪಿನ ತಾಯಿ ಹೋಳಿಗೆ ಹಿಡಿದುಕೊಂಡೇ ನಿಂತುಬಿಟ್ಟರು. "ಯಾಕ್ರೀ ಅಜ್ಜಾರ, ನಮ್ಮ ಮನೀ ಹೋಳಿಗಿ ಸೇರಲಿಲ್ಲೇನ್ರೀ?" ಎಂದರು. ಅವರ ದನಿ ನಡುಗಿತು. ನಾವು, "ಸೇರಿತವ್ವಾ, ಅದಕ್ಕೇ ಒಂದೇ ಸಾಕು. ಎರಡನೆಯದನ್ನು ನಮ್ಮ ಮೊಣಕಾಲು ಹೊರಬೇಕಾಗುತ್ತದೆ" ಎಂದೆವು. ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದರ ಬ್ಯಾಡ್ರಿ. ನೀವು ಮುಂದಿನ ವರ್ಷನೂ ನಡಕೋತ ಬರಬೇಕ್ರಿ" ಎಂದರು. ಇಂತಹ ಆಶೀರ್ವಾದ ನಮಗೆ ಯಾವ ಪೀಠದಿಂದಲೂ ದೊರೆತಿಲ್ಲ. ಅಂದಿನಿಂದ ಶ್ರೀಮಠದ ದಾಸೋಹದಲ್ಲಿಯೂ ಕೇಳಿ ಬಡಿಸಬೇಕು, ಒತ್ತಾಯ ಮಾಡಬಾರದು ಎಂದು ಅಪ್ಪಣೆ ಮಾಡಿದ್ದೇವೆ. ತಾಯಂದಿರಿಗೂ ಒಂದು ಮಾತು: ಎಲ್ಲರೂ ಉಂಡ ಮೇಲೆ ಪಾತ್ರೆಯಲ್ಲಿ ಉಳಿದದ್ದು ಕೆಡಬಾರದೆಂದು ನೀವೇ ಉಂಡು ಮುಗಿಸುತ್ತೀರಿ. ನಿಮ್ಮ ಹೊಟ್ಟೆ ಉಳಿದದ್ದನ್ನು ಹಾಕುವ ಪಾತ್ರೆಯಲ್ಲ. ನಾಳೆಯಿಂದ ಒಂದು ಹಿಡಿ ಕಡಿಮೆ ಅಳೆಯಿರಿ.

ಹೀಗೆ ಹದಿನಾಲ್ಕು ತಿಂಗಳಲ್ಲಿ ನಮ್ಮ ತೂಕ 87 ಕಿಲೋಗೆ ಬಂತು. ಹತ್ತೇ ಕಿಲೋ! ಇದೇನು ದೊಡ್ಡದೆಂದು ನೀವು ಕೇಳಬಹುದು. ನಮ್ಮ ಮಠದ ಭಕ್ತರಾದ ವೈದ್ಯರು ಹೇಳಿದರು: ಇದ್ದ ತೂಕದಲ್ಲಿ ನೂರಕ್ಕೆ ಐದರಿಂದ ಹತ್ತು ಪಾಲು ಇಳಿದರೂ ರಕ್ತದೊತ್ತಡ, ಸಕ್ಕರೆಗಳು ಹತೋಟಿಗೆ ಬರಲು ಸಹಾಯವಾಗುತ್ತದೆ. ಮೊಣಕಾಲು ಸವೆದ ಸ್ಥೂಲಕಾಯದ ಹಿರಿಯರನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮೊಣಕಾಲಿನ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುವುದು ಕಂಡುಬಂದಿತು. ಅಮೆರಿಕದಲ್ಲಿ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದ 3,234 ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ನೂರಕ್ಕೆ ಏಳು ಪಾಲು ತೂಕ ಇಳಿಸುವುದು ಮತ್ತು ವಾರಕ್ಕೆ 150 ನಿಮಿಷ ನಡೆಯುವುದು ಇವೆರಡೇ ಮುಖ್ಯ ಗುರಿಗಳಾಗಿದ್ದವು. ಆ ಹಾದಿ ಹಿಡಿದ ಗುಂಪಿನಲ್ಲಿ ಹೊಸದಾಗಿ ಕಾಯಿಲೆ ಹತ್ತುವುದು ನೂರಕ್ಕೆ 58ರಷ್ಟು ಕಡಿಮೆಯಾಯಿತು. ನಮ್ಮ ದೇಶದಲ್ಲಿ ಹತ್ತು ಕೋಟಿಗೂ ಮಿಕ್ಕ ಜನಕ್ಕೆ ಸಕ್ಕರೆ ಕಾಯಿಲೆ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ತಿಳಿಸಿತು. ಹಾಗಿರುವಾಗ ಇದನ್ನು ಸಣ್ಣ ಮಾತೆನ್ನುವುದು ಹೇಗೆ?

ಒಂದು ಎಚ್ಚರಿಕೆ. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು, ಗರ್ಭಿಣಿಯರು, ಹೃದಯರೋಗವಿದ್ದವರು ನಮ್ಮ ಮಾತು ಕೇಳಿ ಊಟ ಕಡಿಮೆ ಮಾಡಬೇಡಿರಿ. ನಿಮ್ಮ ವೈದ್ಯರನ್ನು ಕೇಳಿಯೇ ಹೆಜ್ಜೆ ಇಡಿರಿ.

ಈಗ ಆ ಭಕ್ತರ ಪ್ರಶ್ನೆಗೆ ಬರೋಣ. ಮನಸ್ಸು ಮುಂದಕ್ಕೆ ಬರುವುದಿಲ್ಲ, ಏನು ಮಾಡಬೇಕು? ಅಪ್ಪಾ, ನೀವು ದಿನವೂ ಬೆಳಿಗ್ಗೆ ಲಿಂಗಪೂಜೆ ಮಾಡುತ್ತೀರಲ್ಲ, ಮನಸ್ಸನ್ನು ಕೇಳಿ ಮಾಡುತ್ತೀರೇನು? ಮನಸ್ಸು ಇದ್ದರೂ ಮಾಡುತ್ತೀರಿ, ಇಲ್ಲದಿದ್ದರೂ ಮಾಡುತ್ತೀರಿ. ಕುಳಿತ ಮೇಲೆ ಮನಸ್ಸು ತಾನೇ ಬಂದು ಪಕ್ಕದಲ್ಲಿ ಕೂಡುತ್ತದೆ. ಆಕಳು ನಡೆದರೆ ಕರು ಹಿಂದೆ ಬರುತ್ತದೆ. ನಿಯಮವೇ ಆಕಳು, ಮನಸ್ಸೇ ಕರು. ನಾವು ಆಕಳನ್ನು ಗೂಟಕ್ಕೆ ಕಟ್ಟಿ ಕರುವನ್ನು ಎಳೆಯುತ್ತಿದ್ದೇವೆ. ಮನಸ್ಸು ಬರಲೆಂದು ಮೂರು ವರ್ಷ ಕಾದಿರಿ, ನಾಳೆ ಕಾಯಬೇಡಿರಿ. ಸೋಲಲಾಗದಷ್ಟು ಚಿಕ್ಕ ನಿಯಮವೊಂದನ್ನು ಹಿಡಿಯಿರಿ. ಅರ್ಧ ಚಮಚ ಸಕ್ಕರೆ ಕಡಿಮೆ, ಇಲ್ಲವೇ ಊಟದ ನಂತರ ನೂರು ಹೆಜ್ಜೆ. ಅದು ನಿಂತ ಮೇಲೆ ಎರಡನೆಯದು. ಇದರಿಂದ ಒಳ್ಳೆಯದಾಗುವುದೆಂಬ ನಂಬಿಕೆ ಶ್ರದ್ಧೆ. ದಿನವೂ ತಪ್ಪದೆ ಮಾಡುವುದು ನಿಷ್ಠೆ. ತಟ್ಟೆಯ ಮುಂದೆ ಎಚ್ಚರವಾಗಿರುವುದು ಅವಧಾನ.

ಒಂದು ದಿನ ನಿಯಮ ತಪ್ಪಿದರೆ? ಜ್ವರ ಬಂದು ಒಂದು ದಿನ ಪೂಜೆ ತಪ್ಪಿದರೆ ಲಿಂಗವನ್ನು ಬಿಚ್ಚಿಡುತ್ತೇವೆಯೇ? ಮರುದಿನ ಮತ್ತೆ ಕುಳಿತುಕೊಳ್ಳುತ್ತೇವೆ. ಜಾತ್ರೆಯಲ್ಲಿ ಎರಡು ಹೋಳಿಗೆ ಹೆಚ್ಚಾದರೆ ಮರುದಿನ ಉಪವಾಸ ಬೀಳಬೇಡಿರಿ. ಮರುದಿನ ನಿಮ್ಮ ನಿಯಮಕ್ಕೆ ಮರಳಿರಿ. ಅಷ್ಟೇ ಸಾಕು.

ನಮ್ಮ ಪೂಜೆಯ ಕೋಣೆಯಲ್ಲಿ ಆ ಕುರ್ಚಿ ಇನ್ನೂ ಇದೆ. ಮೋಡ ಕವಿದ ಥಂಡಿಯ ದಿನಗಳಲ್ಲಿ ಮೊಣಕಾಲು ನೋಯುವಾಗ ಈಗಲೂ ಅದರ ಮೇಲೆ ಕುಳಿತುಕೊಳ್ಳುತ್ತೇವೆ. ಉಳಿದ ದಿನಗಳಲ್ಲಿ ಮಣೆಯ ಮೇಲೆ ಕುಳಿತು, ಯಾರ ಕೈಯನ್ನೂ ಹಿಡಿಯದೆ ಏಳುತ್ತೇವೆ. ಈ ಶ್ರಾವಣದಲ್ಲಿ ಗುಡ್ಡದ ಮೆಟ್ಟಿಲನ್ನು ಒಂದೇ ಕಡೆ ನಿಂತು ಹತ್ತಿದೆವು. ಆ ಭಕ್ತರು ಇಂದು ಇಲ್ಲಿಯೇ ಕುಳಿತಿದ್ದಾರೆ. ಮುಂದಿನ ಶ್ರಾವಣದಲ್ಲಿ ಅವರೂ ನಾವೂ ಕೂಡಿ ನಿಲ್ಲದೆ ಹತ್ತೋಣ.

ಲಿಂಗವನ್ನು ಹೊತ್ತ ಈ ಕಾಯ ಕಾಯಕಕ್ಕೂ ದಾಸೋಹಕ್ಕೂ ಹಗುರಾಗಿ ಒದಗಲಿ. ಗುರುಕೃಪೆ ನಿಮ್ಮ ಕಿರುನಿಯಮಗಳನ್ನು ಕಾಪಾಡಲಿ ಎಂದು ಹಾರೈಸಿ ನಮ್ಮ ಮಾತುಗಳನ್ನು ಮುಗಿಸುತ್ತೇವೆ.

ಶರಣು ಶರಣಾರ್ಥಿ.